ಹಳೇ ಕಾರಿಗೊಂದು ಜಾಮೀನು

ನಮ್ಮ ಬಸವೇಶ್ವರನಗರ, ವಿಜಯನಗರದ ಕಡೆ ಮಾರಾಟಕ್ಕೆ ಬರುವ ಹಳೇ ಕಾರುಗಳೆಲ್ಲ ಡಾಕ್ಟರುಗಳವೇ. ಬಾನೆಟ್ ಎತ್ತುವ ಮೊದಲೇ ಬ್ರೋಕರು, "ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ" ಎಂದುಬಿಡುತ್ತಾನೆ. ಡಾಕ್ಟರು ಸಿಗದಿದ್ದರೆ ರಿಟೈರ್ಡ್ ಪ್ರೊಫೆಸರು. ಅವರೂ ಇಲ್ಲದಿದ್ದರೆ ಶನಿವಾರ ಮಾತ್ರ ದೇವಸ್ಥಾನಕ್ಕೆ ಓಡಿಸುತ್ತಿದ್ದ ಮೇಡಂ. ಹೀಗೆ ಕೈಬದಲಾದ ಕಾರುಗಳ ಲೆಕ್ಕ ಹಿಡಿದರೆ ಹಾವನೂರು ಸರ್ಕಲ್ಲಿನಿಂದ ಶಂಕರಮಠದವರೆಗೆ ಮನೆಗೊಬ್ಬ ಡಾಕ್ಟರಿರಬೇಕು. ಆದರೂ ಜ್ವರ ಬಂದಾಗ ನಾವು ಟೋಕನ್ ಹಿಡಿದು ಗಂಟೆಗಟ್ಟಲೆ ಕೂರುವುದು ತಪ್ಪಿಲ್ಲ. ಟ್ಯಾಕ್ಸಿಗೆ ಓಡಿಸಿದ ಕಾರು, ಮಳೆನೀರಲ್ಲಿ ಮುಳುಗಿ ಎದ್ದ ಕಾರು, ಮಗ ಹೊಸದಾಗಿ ಡ್ರೈವಿಂಗ್ ಕಲಿತ ಕಾರು ಇವೆಲ್ಲ ಎಲ್ಲಿಗೆ ಹೋಗುತ್ತವೋ! ಅವನ್ನು ಯಾರಾದರೂ ಮಾರಿದ್ದು ನನ್ನ ಕಿವಿಗಂತೂ ಬಿದ್ದಿಲ್ಲ.

ಕೆಂಗೇರಿ ಉಪನಗರದಲ್ಲಿರುವ ನನ್ನ ಭಾವಮೈದ ಇಂಥದೊಂದು ಡಾಕ್ಟರ್ ಗಾಡಿಯ ಮುಂದೆ ನಿಂತು ಫೋನು ಮಾಡಿದ. ಎಂಟು ವರ್ಷದ ಪೆಟ್ರೋಲ್ ಕಾರು, ರೇಟೂ ಕುದುರಿತ್ತು. ಕೊನೇ ಗಳಿಗೆಯಲ್ಲಿ ಅಂಗಡಿಯ ಹುಡುಗ ಇನ್ನೊಂದು ಕಾಗದ ಮುಂದಿಟ್ಟಿದ್ದ. ಮೇಲೆ 12 ಸಾವಿರ ಕೊಟ್ಟರೆ ಒಂದು ವರ್ಷ ಇಂಜಿನ್ನು, ಗೇರ್‌ಬಾಕ್ಸು, ಎ.ಸಿ. ಏನೇ ಕೆಟ್ಟರೂ ಕಂಪನಿಯೇ ನೋಡಿಕೊಳ್ಳುತ್ತದಂತೆ. "ಭಾವ, ತಗೊಳ್ಳೋದಾ, ಬೇಡ್ವಾ? ಬೇಗ ಹೇಳಿ, ಹುಡುಗ ಕಾಯ್ತಿದಾನೆ." ಹೆಣ್ಣು ನೋಡಲು ಹೋಗಿದ್ದಾಗಲೂ ಅವರ ಮನೆಯ ಬಚ್ಚಲಿನಿಂದ ಹೀಗೇ ಫೋನು ಮಾಡಿದ್ದವನು. ಎರಡು ದಿನ ಟೈಮು ಕೇಳು ಎಂದೆ.

ಇಂಥ ವಿಷಯಕ್ಕೆ ನಮ್ಮ ಬೀದಿಯಲ್ಲಿ ಮೂಲೆಮನೆ ರಾಯರಿದ್ದಾರೆ. 1973ರಲ್ಲಿ ದೇಶದ ಜನರಲ್ ಇನ್ಶೂರೆನ್ಸ್ ಕಂಪನಿಗಳನ್ನೆಲ್ಲ ರಾಷ್ಟ್ರೀಕರಿಸಿ ನಾಲ್ಕಕ್ಕೆ ತಂದರಲ್ಲ, ಆ ನಾಲ್ಕರಲ್ಲೊಂದರಲ್ಲಿದ್ದು, ಕ್ಲೇಮು ನೋಡಿ ನೋಡಿಯೇ ನಿವೃತ್ತರಾದವರು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸಿದರೂ ಒಮ್ಮೆ ಮಗುಚಿ ನೋಡಿಯೇ ತಿನ್ನುತ್ತಾರೆ. ನಾವು ವರ್ಷಾವರ್ಷ ಕಟ್ಟುವ 'ಫುಲ್ ಇನ್ಶೂರೆನ್ಸ್' ಇದೆಯಲ್ಲ, ಅದರಲ್ಲಿ ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಬ್ರೇಕ್‌ಡೌನಿಗೆ ದುಡ್ಡಿಲ್ಲ ಎಂದು ಅಚ್ಚಾಗಿಯೇ ಇರುತ್ತದೆ ಎಂದರು. ಸವೆತಕ್ಕೂ ಇಲ್ಲ. ಅಪಘಾತವಾದರೂ ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗೆ ಅರ್ಧವೇ ಕೊಡುವುದು. ರಬ್ಬರು, ಪ್ಲಾಸ್ಟಿಕ್ಕಿಗಾದರೂ ಪೂರ್ತಿ ಬೇಕಾದರೆ ಬೇರೆ ದುಡ್ಡು ಕಟ್ಟಿ ಝೀರೋ ಡೆಪ್ ಎಂಬ ಆ್ಯಡ್ ಆನ್ ಹಾಕಿಸಬೇಕು. "ಗಾಡಿ ಮರಕ್ಕೆ ಗುದ್ದಿದರೆ ದುಡ್ಡು ಬರುತ್ತೆ, ತಾನಾಗೇ ನಿಂತರೆ ಬರಲ್ಲ. ಹಂಗಂತ ನಿಂತ ಗಾಡೀನ ಮರಕ್ಕೆ ತಳ್ಳೋಕೆ ಹೋಗ್ಬೇಡಿ, ಅದೂ ನಮಗೆ ಗೊತ್ತಾಗುತ್ತೆ" ಎಂದು ನಕ್ಕರು. ಹಾಗೆ ತಳ್ಳಿದವರು ಯಾರು ಎಂಬುದನ್ನು ಮಾತ್ರ ಬಾಯಿಬಿಡಲಿಲ್ಲ.

"ಇಲಿ ವೈರು ಕಡಿದರೆ?" ಎಂದು ಕೇಳಿದೆ. ರಾಜಾಜಿನಗರದ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಇದು ದೊಡ್ಡ ಪಿಡುಗು. ರಾಯರು ಕನ್ನಡಕ ತೆಗೆದು ಒರೆಸಿದರು. ಇಲಿ ಹೊರಗಿನಿಂದ ಬಂದದ್ದರಿಂದ ಅದು ಅಪಘಾತ, ಆದರೆ ವೈರು ಕೆಟ್ಟದ್ದು ಎಲೆಕ್ಟ್ರಿಕಲ್, ಇದರ ಮೇಲೆ ಅರ್ಧ ದಿನ ವಾದ ಮಾಡಬಹುದು, ಮಾಡಿದ್ದೇನೆ ಎಂದರು. ಇಲಿಯ ಪರವೋ ಕಂಪನಿಯ ಪರವೋ ಎಂದು ನಾನು ಕೇಳಲಿಲ್ಲ.

ಫುಲ್ ಇನ್ಶೂರೆನ್ಸ್ ಬಿಟ್ಟ ಆ ಖಾಲಿ ಜಾಗಕ್ಕೇ ಭಾವಮೈದನ ಕಾಗದ ಬಂದು ಕೂರುವುದು. ಅದನ್ನು ವಾರಂಟಿ ಎನ್ನುತ್ತಾರೆ. ಹಲವು ಸಲ ಹಿಂದೆ ಎಲ್ಲೋ ಒಂದು ಇನ್ಶೂರೆನ್ಸ್ ಕಂಪನಿಯೂ ಕೂತಿರುತ್ತದೆ. ವಾಟ್ಸಾಪಿನಲ್ಲಿ ತರಿಸಿಕೊಂಡು ಓದಿದೆ. ಮುಂದಿನ ಪುಟದಲ್ಲಿ ಕೊಡುವ ಪಟ್ಟಿ: ಪಿಸ್ಟನ್ನು, ಕ್ರ್ಯಾಂಕ್ ಶಾಫ್ಟು, ಕ್ಯಾಮ್ ಶಾಫ್ಟು, ಗೇರ್‌ಬಾಕ್ಸಿನ ಒಳಗಿನ ಹಲ್ಲುಗಳು, ಆಲ್ಟರ್ನೇಟರು, ಎ.ಸಿ. ಕಂಪ್ರೆಸರು. ಓದಲಿಕ್ಕೇ ಎದೆ ಉಬ್ಬುತ್ತದೆ. ಹಿಂದಿನ ಪುಟದಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ, ಕೊಡದ ಪಟ್ಟಿ: ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಸಸ್ಪೆನ್ಷನ್ ಬುಷ್ಷು, ಬ್ಯಾಟರಿ, ಟೈರು, ಬೆಲ್ಟು, ರಬ್ಬರ್ ಪೈಪುಗಳು, ಆಯಿಲು, ಗ್ಯಾಸು. ಈ ಎರಡು ಪುಟ ಬರೆದವನು ಬೆಂಗಳೂರನ್ನು ಚೆನ್ನಾಗಿ ಬಲ್ಲವನೇ ಇರಬೇಕು. ಮಾಗಡಿ ರೋಡ್ ಟೋಲ್‌ಗೇಟಿನಿಂದ ಸುಮನಹಳ್ಳಿಗೆ ಸಂಜೆ ಆರಕ್ಕೆ ಹೊರಟ ಮನುಷ್ಯನ ಎಡಗಾಲು ಕ್ಲಚ್ಚಿನ ಮೇಲೆ ಅರ್ಧ ಇಳಿದು ಅರ್ಧ ಎದ್ದೇ ಇರುತ್ತದೆ. ಕ್ರ್ಯಾಂಕ್ ಶಾಫ್ಟು ಪಾಪ ಯಾರ ತಂಟೆಗೂ ಹೋಗದೆ ತಿರುಗುತ್ತಿರುತ್ತದೆ. ನಮ್ಮೂರು ತಿಂದುಹಾಕುವುದೆಲ್ಲ ಹಿಂದಿನ ಪುಟದಲ್ಲಿ, ತಿನ್ನಲಾಗದ್ದೆಲ್ಲ ಮುಂದಿನ ಪುಟದಲ್ಲಿ. ಜೊತೆಗೆ ಷರತ್ತುಗಳು: ಅವರು ಹೇಳಿದ ಕಡೆಯೇ, ಹೇಳಿದ ಹೊತ್ತಿಗೇ ಸರ್ವಿಸ್ ಮಾಡಿಸಬೇಕು, ಕೊಳ್ಳುವಾಗಲೇ ಇದ್ದ ತೊಂದರೆ ಅಂತ ಗೊತ್ತಾದರೆ ಕ್ಲೇಮಿಲ್ಲ, ಇಂಜಿನ್ ಬಿಚ್ಚಿ ನೋಡಿ, ಕೊಡುವಂಥದ್ದಲ್ಲ ಅಂತಾದರೆ ಬಿಚ್ಚಿದ ಕೂಲಿಯೂ ನಮ್ಮದೇ. ಎಂಟು ವರ್ಷದ ಗಾಡಿಯಲ್ಲಿ ಕೊಳ್ಳುವಾಗಲೇ ಇದ್ದ ತೊಂದರೆ ಯಾವುದು, ಆಮೇಲೆ ಬಂದದ್ದು ಯಾವುದು ಎಂದು ಬ್ರಹ್ಮನೂ ಹೇಳಲಾರ.

ರಬ್ಬರ್ ಪೈಪು ಎಂದಾಗ ನೆನಪಾಯಿತು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಅದಕ್ಕೆ ಒಗ್ಗುವಂತೆ ಕಂಪನಿಗಳು ಗಾಡಿ ಮಾಡತೊಡಗಿದ್ದು 2023ರ ಸುಮಾರಿಗೆ. ಹಳೇ ಗಾಡಿಯವರೆಲ್ಲ ಗಾಬರಿಯಾಗಿ, ಇನ್ಶೂರೆನ್ಸೂ ಹೋಗುತ್ತದಂತೆ ಎಂದು ಸುದ್ದಿ ಹಬ್ಬಿಸಿ, 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯವೇ 'ಹಾಗೇನಿಲ್ಲ' ಎಂದು ಹೇಳಬೇಕಾಯಿತು. ಇನ್ಶೂರೆನ್ಸ್ ಇರುತ್ತದೆ, ಸರಿ. ಪೈಪು ಹಿಂದಿನ ಪುಟದಲ್ಲಿದೆ.

ಮಾಗಡಿಯ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದ ನಮ್ಮ ತಾತನಿಗೆ ಇಂಥ ಕಾಗದವನ್ನು ಯಾರೂ ತೋರಿಸಲಿಲ್ಲ. ಅವರು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ಮೈಮೇಲಿನ ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಿದ್ದರು, ಆಮೇಲೆ ದಳ್ಳಾಳಿಯೊಂದಿಗೆ ಟವಲಿನಡಿ ಬೆರಳು ಹಿಡಿದು ರೇಟು ಮುಗಿಸುತ್ತಿದ್ದರು. ಮನೆಗೆ ಬಂದ ಎತ್ತು ಉಳುವಾಗ ಮಲಗಿಬಿಟ್ಟರೆ ಅದು ಎತ್ತಿನ ತಪ್ಪಲ್ಲ, ದಳ್ಳಾಳಿಯದೂ ಅಲ್ಲ, ಸುಳಿ ಸರಿಯಾಗಿ ನೋಡದ ತಾತನದು. ಅಜ್ಜಿ ಅದನ್ನು ಬಹಳ ವರ್ಷ ನೆನಪಿಸುತ್ತಿದ್ದರು.

ಕಾರಿನ ಸುಳಿ ನೋಡುವವರು ನಮಗೆ ಕಾಮಾಕ್ಷಿಪಾಳ್ಯದಲ್ಲಿದ್ದಾರೆ. ಲೇತು, ಪ್ರೆಸ್ಸು, ಪ್ಲೇಟಿಂಗ್ ಅಂಗಡಿಗಳ ನಡುವಿನ ಸಂದಿಯಲ್ಲಿ ಗ್ಯಾರೇಜು. ಎರಡು ಕಾರು ನಿಂತರೆ ಮೂರನೆಯದು ರಸ್ತೆಗೆ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಎಲ್ಲರಿಗೂ ಭಾಯ್. ಮಾರನೇ ದಿನ ಭಾವಮೈದ ಟೆಸ್ಟ್ ಡ್ರೈವಿನ ನೆಪದಲ್ಲಿ ಗಾಡಿಯನ್ನು ಅಲ್ಲಿಗೆ ತಂದ. ಜೊತೆಗೆ ಅಂಗಡಿಯ ಹುಡುಗನೂ ಬಂದಿದ್ದ. ಭಾಯ್ ಒಮ್ಮೆಲೇ ಇಂಜಿನ್ನಿಗೆ ಕೈಹಾಕಲಿಲ್ಲ. ಮೊದಲು ಡ್ರೈವರ್ ಪಕ್ಕದ ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದು, ಕೊನೆಯ ಗೇಣು ಜಾಗವನ್ನು ಬೆಳಕಿಗೆ ಹಿಡಿದ. ನೀರಲ್ಲಿ ಮುಳುಗಿದ ಗಾಡಿಯನ್ನು ಎಷ್ಟು ತೊಳೆದರೂ ಸುತ್ತಿಕೊಂಡ ಬೆಲ್ಟಿನ ಒಳಗೆ ಕೆಸರಿನ ಗೆರೆ ಉಳಿದಿರುತ್ತದಂತೆ. ಆಮೇಲೆ ಸೀಟಿನ ಕೆಳಗಿನ ಹಳಿಗಳ ಮೇಲೆ ಬೆರಳಾಡಿಸಿ ತುಕ್ಕು ನೋಡಿದ, ಕಾರ್ಪೆಟ್ ಎತ್ತಿ ಮೂಸಿದ. ಕೊನೆಗೆ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಮೈಯನ್ನು ನನ್ನತ್ತ ತಿರುಗಿಸಿದ. "ಇಲ್ಲಿ ಮಜ್ಜಿಗೆ ಥರಾ ಬೆಳ್ಳಗೆ ಇದ್ರೆ ನೀರು ಆಯಿಲ್ಗೆ ಸೇರ್ತಿದೆ ಅಂತ ಸಾರ್. ಇದು ಕಪ್ಪಗೈತೆ. ಕಪ್ಪಗಿರ್ಬೇಕು." ಅಂಗಡಿಯ ಹುಡುಗ ತನ್ನದೇ ಗಾಡಿಯನ್ನು ಮೊದಲ ಸಲ ನೋಡುತ್ತಿರುವವನಂತೆ ಬಗ್ಗಿ ನೋಡಿದ. ಭಾಯ್ ಗಾಡಿ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಹಿಡಿದು ರಿವರ್ಸಿಗೆ ಹಾಕಿ, ಸ್ಟೇರಿಂಗಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. "ಇಂಜಿನ್ ಮೌಂಟಿಂಗ್ ಸ್ವಲ್ಪ ಹೋಗೈತೆ. ಗಾಡಿ ಪರ್ವಾಗಿಲ್ಲ." ಐನೂರು ರೂಪಾಯಿ ತೆಗೆದುಕೊಂಡ.

ನೀರಿನ ಭಯ ನಮ್ಮ ಕಡೆಯವರಿಗೆ ಸುಮ್ಮನೆ ಬಂದದ್ದಲ್ಲ. ಮೈಸೂರು ರಸ್ತೆಯ ಮಗ್ಗುಲಲ್ಲೇ ವೃಷಭಾವತಿ. ಅವಳು ಹರಿಯುವಾಗ ಮೂಗು ಮುಚ್ಚಬೇಕು, ಉಕ್ಕಿದಾಗ ಕಾರು ಮುಚ್ಚಬೇಕು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಮುಳುಗಿ ಕಾರು, ಬಸ್ಸು ನೀರಲ್ಲಿ ನಿಂತವು. ಮರುವಾರವೇ ಬೆಳ್ಳಂದೂರಿನ ಕಡೆ ಕೋಟಿ ಬೆಲೆಯ ಕಾರುಗಳೂ ನಮ್ಮ ಮಾರುತಿಗಳ ಹಾಗೇ ಮುಳುಗುತ್ತವೆ ಎಂಬುದು ಸಾಬೀತಾಯಿತು. ಇಂಜಿನ್ ಒಳಗೆ ಗಾಳಿ ಇರಬೇಕಾದ ಕಡೆ ನೀರು ಹೊಕ್ಕಿರುವಾಗ ಕೀ ತಿರುಗಿಸಿದರೆ, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲವಾಗಿ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಪ್ರವಾಹದ ಹಾನಿ ಪಾಲಿಸಿಯಲ್ಲಿದೆ. ಆದರೆ ಕೀ ತಿರುಗಿಸಿದ್ದು ಮಳೆಯಲ್ಲ, ನೀವು ಎಂದು ವಾದ ಶುರುವಾಗುತ್ತದೆ. ಇದಕ್ಕೆಂದೇ ಇಂಜಿನ್ ಪ್ರೊಟೆಕ್ಟ್ ಎಂಬ ಆ್ಯಡ್ ಆನ್ ಇದೆ, ಸಿಗುವುದಾದರೆ ನಮ್ಮ ಕಡೆಯವರಿಗೆ ಅದೊಂದು ದಂಡವಲ್ಲ. ಸಿಗುವುದಾದರೆ ಎಂದೆ. ಗಾಡಿಗೆ ವಯಸ್ಸಾದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ.

ಭಾಯ್‌ಗೆ ಕೊಟ್ಟ ಐನೂರು ಮತ್ತು ಅಂಗಡಿ ಕೇಳಿದ 12 ಸಾವಿರವನ್ನು ಪಕ್ಕಪಕ್ಕ ಇಟ್ಟು ನೋಡುವಾಗ, ಯಂತ್ರದ ವಿಮೆಯ ಹಳೇ ಕಥೆಯೊಂದು ನೆನಪಿಗೆ ಬರುತ್ತದೆ. 1865ರ ಏಪ್ರಿಲಿನಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಸುಲ್ತಾನಾ ಎಂಬ ಉಗಿಹಡಗಿನ ಬಾಯ್ಲರು ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಹೊರಟಿದ್ದ ಸೈನಿಕರು. ಮರುವರ್ಷ ಹಾರ್ಟ್‌ಫರ್ಡ್ ಊರಿನಲ್ಲಿ ಬಾಯ್ಲರ್ ವಿಮೆಯ ಕಂಪನಿ ಶುರುವಾಯಿತು. ಅವರ ಕಸುಬು ದುಡ್ಡು ಹಂಚುವುದಕ್ಕಿಂತ ಹೆಚ್ಚಾಗಿ, ಸುತ್ತಿಗೆ ಹಿಡಿದ ಮನುಷ್ಯನನ್ನು ಕಳಿಸಿ ಬಾಯ್ಲರು ತಟ್ಟಿಸಿ ನೋಡುವುದು. ಪ್ರೀಮಿಯಮ್ಮಿನ ದೊಡ್ಡ ಪಾಲು ಆ ತಪಾಸಣೆಗೇ ಹೋಗುತ್ತಿತ್ತು. ನಮ್ಮ ಅಂಗಡಿಯವರೂ ಇನ್ನೂರು ಪಾಯಿಂಟ್ ಚೆಕ್ ಮಾಡಿದ್ದೇವೆ ಎನ್ನುತ್ತಾರೆ. ಇನ್ನೂರರಲ್ಲಿ ಹಾರನ್ನು, ಕನ್ನಡಿ, ಲೈಟರ್ ಸಾಕೆಟ್ಟು ಎಲ್ಲ ಸೇರಿವೆ. ಅದಿರಲಿ, ಆ ಕಣ್ಣು ಮಾರುವವನದು. ಸುತ್ತಿಗೆಯ ಸಂಬಳ ಕೊಟ್ಟದ್ದು ಬಾಯ್ಲರು ಸಿಡಿದರೆ ದುಡ್ಡು ಕಳೆದುಕೊಳ್ಳುವವನು.

ಇಷ್ಟೆಲ್ಲ ತಿಳಿದ ಮೇಲೆ ನಾನು 'ಬೇಡ' ಎನ್ನಬೇಕಿತ್ತು. ಜೆ.ಸಿ. ರೋಡಿನಲ್ಲಿ ಬಿಡಿಭಾಗ ಸಿಗುವ, ಯಾವ ಸಂದಿಯ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸಬಲ್ಲ, ಕೈಯಲ್ಲಿ ಗೇರು ಹಾಕುವ ಸಣ್ಣ ಪೆಟ್ರೋಲ್ ಗಾಡಿಗೆ 12 ಸಾವಿರವನ್ನು ಬ್ಯಾಂಕಿನಲ್ಲಿಟ್ಟು ಮರೆಯುವುದೇ ಲಾಭ. ಟರ್ಬೊ ಡೀಸೆಲ್ಲೋ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ವಿಲಾಯತಿ ಕಾರೋ ಆದರೆ ಮಾತು ಬೇರೆ. ಅಲ್ಲಿ ಒಂದು ಕಂಪ್ಯೂಟರ್ ಡಬ್ಬಿ ಹೋದರೆ ಮನೆಯ ಚಿನ್ನದ ಕಡೆ ಕಣ್ಣು ಹೋಗುತ್ತದೆ. ಕಾಗದ ತೆಗೆದುಕೊಳ್ಳಲಿ, ಹಿಂದಿನ ಪುಟ ಓದಿ ತೆಗೆದುಕೊಳ್ಳಲಿ. ಆದರೆ ಭಾವಮೈದನ ದನಿಯಲ್ಲಿದ್ದ ಭಯ ಗೇರ್‌ಬಾಕ್ಸಿನದಾಗಿರಲಿಲ್ಲ. ಹೊಸ ಕಾರೇ ಬೇಕು, ಇಎಂಐ ಕಟ್ಟೋಣ ಎಂದಿದ್ದವಳು ಅವನ ಹೆಂಡತಿ; ಹಳೇ ಗಾಡಿ ಸಾಕು ಎಂದವನು ಇವನು. ಅದು ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಹಿಂದಿನ ಸೀಟಿನಲ್ಲಿ ಅತ್ತೆಮಾವ ಕೂತಿರುವಾಗ ಕೈಕೊಟ್ಟರೆ, "ನಾನು ಅವತ್ತೇ ಹೇಳಿದ್ದೆ" ಎಂಬ ಮೂರು ಮಾತಿಗೆ ಯಾವ ಕಂಪನಿ ಕ್ಲೇಮು ಕೊಡುತ್ತದೆ? "ವಾರಂಟಿ ಇದೆ ಕಣೇ" ಎಂದು ಹೇಳಲಿಕ್ಕಾದರೂ ಒಂದು ಕಾಗದ ಬೇಕು. ಈ ಅಪಾಯವನ್ನು ಅಂಗಡಿಯ ಹುಡುಗ ನನಗಿಂತ ಮೊದಲೇ ಕಂಡಿದ್ದ. ಅದಕ್ಕೇ ಅವನು ಕಾಗದವನ್ನು ಮುಂದಿಟ್ಟದ್ದು ಗಂಡಹೆಂಡಿರು ಜೊತೆಗಿದ್ದಾಗ.

"ತಗೋ" ಎಂದೆ. ಜೊತೆಗೇ, ಅದಕ್ಕಿಂತ ಮೊದಲು ಹಳೇ ಪಾಲಿಸಿಯನ್ನು ನಿನ್ನ ಹೆಸರಿಗೆ ಮಾಡಿಸಿಕೋ ಎಂದು ರಾಯರ ಮಾತನ್ನು ದಾಟಿಸಿದೆ. ಇದನ್ನು ಮರೆಯುವವರೇ ಹೆಚ್ಚು. ಗಾಡಿ ಕೈಬದಲಾದಾಗ ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ತಾನಾಗಿಯೇ ಕೊಂಡವನಿಗೆ ಬರುತ್ತದೆ. ನಮ್ಮ ಗಾಡಿಯ ಹಾನಿಯ ಭಾಗ ಹಾಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಹಿಂದಿನವರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಡಾಕ್ಟರೇ ಆಗಿದ್ದರೂ. ಆರ್‌ಸಿ ಬದಲಾಗದೆ ಗಾಡಿ ಯಾರಿಗಾದರೂ ಗುದ್ದಿದರೆ ಪರಿಹಾರದ ಹೊಣೆ ಪುಸ್ತಕದಲ್ಲಿ ಹೆಸರಿರುವ ಹಳಬರ ತಲೆಗೆ ಎಂದು 2018ರಲ್ಲಿ ಅದೇ ಕೋರ್ಟು ತೀರ್ಪು ಕೊಟ್ಟಿದೆ. ಹಾಗಾಗಿ ಮಾರಿದವರೂ ನೆಮ್ಮದಿಯಾಗಿ ನಿದ್ದೆ ಮಾಡುವಂತಿಲ್ಲ. ಭಾವಮೈದ ಫಾರಂ 29, 30 ಹಿಡಿದು ಕೆಎ-02 ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಮುಂದೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದ. ಆ ಪಾಲಿಸಿಗೆ ಹಿಂದಿನ ಪುಟವಿಲ್ಲ.

ಬೇಸಿಗೆಯಲ್ಲಿ ಎ.ಸಿ. ಕಂಪ್ರೆಸರ್ ಹೋಯಿತು. ಕಂಪನಿ ಕಂಪ್ರೆಸರ್ ಕೊಟ್ಟಿತು. ಗ್ಯಾಸು, ಆಯಿಲು ಇವನು ಕೊಟ್ಟ. ದೀಪಾವಳಿಗೆ ಕ್ಲಚ್ ಪ್ಲೇಟು ಹೋಯಿತು. ಅದನ್ನು ಪೂರ್ತಿ ಇವನೇ ಕೊಟ್ಟ. "ದುಡ್ಡು ವಸೂಲಾಯ್ತು ಭಾವ" ಎನ್ನುತ್ತಾನೆ, ಕಂಪ್ರೆಸರನ್ನು ಮಾತ್ರ ಲೆಕ್ಕಕ್ಕೆ ಹಿಡಿದು. ಅವನ ಹೆಂಡತಿ ಏನೂ ಹೇಳಿಲ್ಲ. ಈಗ ರಿನ್ಯೂವಲ್ಲಿನ ಮೆಸೇಜ್ ಬಂದಿದೆ. ಗಾಡಿಗೊಂದು ವರ್ಷ ಜಾಸ್ತಿಯಾಯಿತೆಂದು ರೇಟೂ ಏರಿದೆ. ಅದನ್ನು ಹಿಡಿದು ಮೊನ್ನೆ ಇಬ್ಬರೂ ಕಾಮಾಕ್ಷಿಪಾಳ್ಯಕ್ಕೆ ಹೋಗಿದ್ದೆವು. ಭಾಯ್ ಗಾಡಿಯನ್ನು ರಿವರ್ಸಿಗೆ ಹಾಕಿ ಮತ್ತೆ ಸ್ಟೇರಿಂಗಿನ ಮೇಲೆ ಅಂಗೈ ಇಟ್ಟ.

"ಕಾಗ್ದ ಬೇಕಾದ್ರೆ ತಗೊಳ್ಳಿ ಸಾರ್. ಮೌಂಟಿಂಗ್ ಅದ್ರಲ್ಲಿ ಇರಲ್ಲ. ಗಾಡಿ ಬುಧವಾರ ಬಿಡಿ."