ದುರ್ಯೋಧನನಿಗೆ ಮ್ಯಾನೇಜ್‌ಮೆಂಟ್ ಸೀಟು

ಕರ್ನಾಟಕದಲ್ಲಿ ಕಂದಾಯ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಆ ಹೆಚ್ಚಿನ ನಾಲ್ಕರಲ್ಲಿ ಮಧುಗಿರಿಯೂ ಒಂದು. ತುಮಕೂರು ಜಿಲ್ಲೆಯೊಳಗೇ ಇದ್ದುಕೊಂಡು, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಜೊತೆಗೆ ಕಟ್ಟಿಕೊಂಡು, ಅದು ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತನ್ನದೇ ಸಾಲಿನಲ್ಲಿ ನಿಂತು ಹೊಗಳಿಸಿಕೊಳ್ಳುತ್ತದೆ, ಇಲ್ಲವೇ ಬೈಸಿಕೊಳ್ಳುತ್ತದೆ. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಇಲಾಖೆಯ ಲೆಕ್ಕಕ್ಕೆ ಸಿಗದ ಒಂದು ಉನ್ನತ ಶಿಕ್ಷಣ ನಡೆಯುತ್ತಿದೆ. ಅದಕ್ಕೆ ಕಟ್ಟಡವಿಲ್ಲ, ಕುಲಪತಿಯಿಲ್ಲ, ಇನ್‌ಸ್ಪೆಕ್ಷನ್ ಇಲ್ಲ. ಒಬ್ಬ ಹಾರ್ಮೋನಿಯಂ ಮೇಷ್ಟ್ರು, ಒಂದು ತಬಲ, ಸುಗ್ಗಿ ಮುಗಿದ ಮೇಲಿನ ರಾತ್ರಿಗಳು, ದೇವಸ್ಥಾನದ ಪಕ್ಕದ ಒಂದು ಖಾಲಿ ಕೋಣೆ, ಇಷ್ಟೇ. ಪೌರಾಣಿಕ ನಾಟಕದ ತಾಲೀಮು. ಹಾಡುತ್ತ ಅಭಿನಯಿಸುವ ರಂಗಭೂಮಿಯಲ್ಲಿ ಡಿಗ್ರಿ ಮಾಡಬೇಕೆನ್ನುವ ಯಾರೇ ಆಗಲಿ, ಅರ್ಜಿ ತುಂಬುವ ಮೊದಲು ಇಲ್ಲಿ ಒಂದು ‘ಕುರುಕ್ಷೇತ್ರ’ ಪಾಸು ಮಾಡಿ ಹೋಗಬೇಕು ಎಂಬುದು ನನ್ನ ವಾದ. ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಇದನ್ನು ಹೇಳಿದರೆ ನನ್ನನ್ನು ಮೆಲ್ಲಗೆ ಕೂರಿಸಿ ಕುಡಿಯಲು ನೀರು ಕೊಡುತ್ತಾರೆ ಎಂಬುದು ಗೊತ್ತು. ಗೊತ್ತಿದ್ದೂ ಈ ವಾದವನ್ನು ಬಿಡಲು ಮನಸ್ಸಿಲ್ಲ.

ಮೊದಲು ಲೋಕದ ಪದ್ಧತಿ ನೋಡಿಬಿಡೋಣ. ಅಮೆರಿಕದಲ್ಲಿ ಸಂಗೀತ ನಾಟಕಕ್ಕೆಂದೇ ಪದವಿ ಉಂಟು. ಬಿಎಫ್‌ಎ ತೆಗೆದುಕೊಂಡರೆ ಹೆಚ್ಚು ಹೊತ್ತು ಹಾಡು, ಕುಣಿತ, ಅಭಿನಯ. ಬಿಎ ತೆಗೆದುಕೊಂಡರೆ ಅದರ ಜೊತೆಗೆ ಚರಿತ್ರೆ, ಸಾಹಿತ್ಯ ಮೊದಲಾದವು. ಸೇರಲು ಆಡಿಷನ್. ಮೊದಲು ವಿಡಿಯೋ ಕಳಿಸಬೇಕು, ಅದು ಪಾಸಾದರೆ ನ್ಯೂಯಾರ್ಕ್, ಷಿಕಾಗೊ, ಲಾಸ್ ಏಂಜಲಿಸ್‌ನಂಥ ಊರುಗಳಿಗೆ ಹೋಗಿ ಹಲವು ಕಾಲೇಜುಗಳವರ ಮುಂದೆ ಒಂದೇ ಓಡಾಟದಲ್ಲಿ ಹಾಡಿ ಬರಬೇಕು. ಎಷ್ಟು ಹಾಡಬೇಕು? ಅನೇಕ ಕಡೆ 32 ಬಾರ್, ಕೆಲವು ಕಡೆ 16. ಹದಿನಾರು ಬಾರ್ ಎಂದರೆ ಸುಮಾರು ಅರ್ಧ ನಿಮಿಷ. ಒಂದು ಮನೆತನದ ಉಳಿತಾಯ, ಒಂದು ಮಗುವಿನ ನಾಲ್ಕು ವರ್ಷ, ಎಲ್ಲವೂ ಆ ಅರ್ಧ ನಿಮಿಷದ ಮೇಲೆ ನಿಂತಿರುತ್ತವೆ.

ಈಗ ನಮ್ಮ ದುರ್ಯೋಧನನನ್ನು ಆ ಕೋಣೆಗೆ ಕಳಿಸಿ ನೋಡೋಣ. ಮೊದಲನೆಯದಾಗಿ, ಅವನು ಬರುವುದೇ ಇಲ್ಲ. ಪರೀಕ್ಷಕರು ಹೆಸರು ಕೂಗುತ್ತಾರೆ, ಬಾಗಿಲ ಹಿಂದಿನಿಂದ ಆಲಾಪನೆ ಕೇಳಿಸುತ್ತದೆ. ದುರ್ಯೋಧನ ಯಾವತ್ತೂ ಮೊದಲು ಸ್ವರವಾಗಿ ಬರುತ್ತಾನೆ, ಆಮೇಲೆ ದೇಹವಾಗಿ. ಅರ್ಧ ನಿಮಿಷ ಮುಗಿಯಿತು. ‘ಥ್ಯಾಂಕ್ ಯು’ ಎಂದು ಒಳಗಿನಿಂದ ಯಾರೋ ಅನ್ನುತ್ತಾರೆ. ಅದನ್ನು ಅವನು ‘ವನ್ಸ್ ಮೋರ್’ ಎಂದು ತಿಳಿದು ಆಲಾಪನೆಯನ್ನು ಇನ್ನೊಮ್ಮೆ, ಈ ಸಲ ಮೇಲಿನ ಷಡ್ಜ ಮುಟ್ಟಿ, ತೆಗೆದುಕೊಳ್ಳುತ್ತಾನೆ. ನಂತರ ಬಾಗಿಲು ತೆರೆಯುತ್ತದೆ. ಕಿರೀಟ ಚೌಕಟ್ಟಿಗೆ ತಗುಲಿದ್ದರಿಂದ ಅವನು ಅಡ್ಡಡ್ಡ ತಿರುಗಿ ಪ್ರವೇಶ ಮಾಡುತ್ತಾನೆ, ಆದರೆ ಮೀಸೆಯಲ್ಲಿ ಅದರ ಸುಳಿವೇ ಇಲ್ಲ. ಗದೆ ಹೆಗಲ ಮೇಲೆ. ಈಗ ಮೈಕು ಬೇಕು. ನಮ್ಮ ಕಡೆ ನಾಟಕದ ಮೈಕುಗಳು ಮೇಲಿನಿಂದ ಇಳಿಬಿದ್ದಿರುತ್ತವೆ. ಸಾಮಾನ್ಯವಾಗಿ ಮೂರು, ಅದರಲ್ಲಿ ನಡುವಿನದಕ್ಕಾಗಿ ನಡೆಯುವ ಮೇಲಾಟದ ಮುಂದೆ ಹದಿನೆಂಟು ದಿನದ ಯುದ್ಧ ಏನೂ ಅಲ್ಲ. ಅವನು ತಾರಸಿ ನೋಡುತ್ತಾನೆ. ಬೆಂಕಿ ಆರಿಸುವ ನೀರಿನ ನಲ್ಲಿಯೊಂದು ಇಳಿಬಿದ್ದಿದೆ. ಸಾಕು. ಅದರ ಕೆಳಗೆ ಸರಿಯಾಗಿ ನಿಂತು, ಮುಖವನ್ನು ಅದಕ್ಕೆ ಕೊಟ್ಟು, ಎಡಗೈಯನ್ನು ಕಿವಿಯ ಹತ್ತಿರ ಇಟ್ಟು ಪದ್ಯ ಎತ್ತುತ್ತಾನೆ. ಎರಡನೇ ಸಾಲಿಗೆ ಅವನ ಭಾವಮೈದ ಹಿಂದಿನಿಂದ ನುಗ್ಗಿ ನೋಟಿನ ಹಾರ ಹಾಕುತ್ತಾನೆ, ಮತ್ತು ಪರೀಕ್ಷಕರಲ್ಲಿ ಹಿರಿಯರಾಗಿ ಕಂಡವರ ಕೈಗೆ ಒಂದು ಚೀಟಿ ಕೊಟ್ಟು, ದಾನಿಯ ಹೆಸರನ್ನು, ಅವರ ಊರನ್ನು, ಅವರು ನಡೆಸುವ ಗೊಬ್ಬರದ ಅಂಗಡಿಯ ಹೆಸರನ್ನು ಓದಿ ಹೇಳಬೇಕೆಂದು ಸನ್ನೆ ಮಾಡುತ್ತಾನೆ. ಓದುವ ತನಕ ನಾಟಕ ನಿಲ್ಲಬೇಕು, ಅದು ನಿಯಮ. ಹೊರಗೆ ಕಾರಿಡಾರಿನಲ್ಲಿ ಮಿಕ್ಕ ಅಭ್ಯರ್ಥಿಗಳು ನೀರಿನ ಬಾಟಲಿ ಹಿಡಿದು ಸಾಲುಗಟ್ಟಿದ್ದಾರೆ. ಅಂತೂ ಪದ್ಯ ಮುಗಿದು, ತೊಡೆ ತಟ್ಟಿ, ಅವನು ಹೊರಟಾಗ ಊಟದ ಹೊತ್ತಾಗಿರುತ್ತದೆ. ಫಲಿತಾಂಶ ಏನೆಂದು ಕೇಳಬೇಕಿಲ್ಲ. ಆದರೆ ಅವನ ಮಟ್ಟಿಗೆ ಹಾರ ಬಿದ್ದಿದೆ, ಆಯ್ಕೆ ಆದಂತೆಯೇ.

ನಗು ಬಂದರೆ ಬರಲಿ, ಇದರಲ್ಲಿ ಒಂದು ವಿಚಾರವಿದೆ. ಆಡಿಷನ್ ಎಂಬುದು ಈಗಾಗಲೇ ಕಲಿತವರನ್ನು ಕಲಿಸಲು ಆರಿಸಿಕೊಳ್ಳುವ ಪದ್ಧತಿ. ಚಿಕ್ಕಂದಿನಿಂದ ಹಾಡಿನ ಮೇಷ್ಟ್ರು, ಡ್ಯಾನ್ಸ್ ಕ್ಲಾಸು ಎಂದು ಖರ್ಚು ಮಾಡಿದ ಮನೆಯ ಮಕ್ಕಳು ಅರ್ಧ ನಿಮಿಷದಲ್ಲಿ ಹೊಳೆಯುತ್ತಾರೆ, ಮಿಕ್ಕವರು ಹೊಳೆಯುವುದಿಲ್ಲ. ನಮ್ಮಲ್ಲಿ ಪಾರ್ಟು ಹಂಚುವ ರಾತ್ರಿ ಯಾರನ್ನೂ ಹಾಡಿಸಿ ನೋಡುವುದಿಲ್ಲ. ಪಾರ್ಟಿಗೊಂದು ದರ. ದುರ್ಯೋಧನ, ಕೃಷ್ಣ, ಭೀಮ ದುಬಾರಿ. ಕರ್ಣನಿಗೂ ಒಳ್ಳೆ ಧಾರಣೆ. ವಿದುರ, ಸಹದೇವರು ಕೈಗೆಟುಕುವ ಬೆಲೆಯಲ್ಲಿ ಸಿಗುತ್ತಾರೆ. ಇದು ಶುದ್ಧ ಮ್ಯಾನೇಜ್‌ಮೆಂಟ್ ಸೀಟು, ದುಡ್ಡಿದ್ದವನೇ ದೊಡ್ಡಪ್ಪ ಎಂದು ನೀವು ಆಕ್ಷೇಪಿಸಬಹುದು. ಒಪ್ಪಿದೆ. ಆದರೆ ಆ ಸೀಟು ಮಾರಿದ ಮೇಲೆ ಏನಾಗುತ್ತದೆ ನೋಡಿ. ಸ್ವರವೇ ಗೊತ್ತಿಲ್ಲದ, ಹಗಲೆಲ್ಲ ಬೋರ್‌ವೆಲ್ ಲಾರಿಯ ಹಿಂದೆ ಕೂಗಾಡಿ ಬಂದ ಗಂಟಲೊಂದು ಮೇಷ್ಟ್ರ ಎದುರು ಬಂದು ಕೂರುತ್ತದೆ. ಮೇಷ್ಟ್ರು ಬಿಳಿ ನಾಲ್ಕರಲ್ಲಿ ಶ್ರುತಿ ಹಿಡಿಯುತ್ತಾರೆ, ಏರುವುದಿಲ್ಲ. ಕರಿ ಎರಡಕ್ಕೆ ಇಳಿಯುತ್ತಾರೆ, ಒದ್ದಾಡುತ್ತದೆ. ಕರಿ ಒಂದಕ್ಕೆ ಬಂದು, ಪದ್ಯದ ಮಟ್ಟನ್ನೇ ಅಲ್ಲಲ್ಲಿ ಬಗ್ಗಿಸಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಬೆರಳಲ್ಲಿ ತೋರಿಸಿ, ತಿಂಗಳುಗಟ್ಟಲೆ ರಾತ್ರಿ ಅದೇ ಸಾಲನ್ನು ಹೇಳಿಸಿ, ಕೊನೆಗೆ ಆ ಗಂಟಲಿನಿಂದ ಕೇಳಬಹುದಾದ ಒಂದು ಪದ್ಯ ಹೊರಡಿಸುತ್ತಾರೆ. ಕೊಡುವವರು ಹೆಚ್ಚಾದರೆ ಕೃಷ್ಣನನ್ನು ಎರಡು ಭಾಗ ಮಾಡಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾಂಪ್ಲೆಟ್ಟಿನಲ್ಲಿ ಹಾಕುತ್ತಾರೆ. ಸೀಟು ಹೆಚ್ಚಿಸಲು ಯಾವ ಪರಿಷತ್ತಿನ ಅನುಮತಿಯೂ ಬೇಕಿಲ್ಲ. ಚೆನ್ನಾಗಿ ಹಾಡುವವರನ್ನೇ ಸೇರಿಸಿಕೊಂಡು ಚೆನ್ನಾಗಿ ಹಾಡಿಸುವ ಕಾಲೇಜು ಏನು ಕಲಿಸಿತು ಎಂದು ಹೇಳುವುದು ಕಷ್ಟ. ನಮ್ಮ ಮೇಷ್ಟ್ರು ಏನು ಕಲಿಸಿದರು ಎಂಬುದು ಇಡೀ ಊರಿಗೆ ಕೇಳಿಸುತ್ತದೆ.

ಪರೀಕ್ಷೆಯೂ ಸಣ್ಣದಲ್ಲ. ರಾತ್ರಿ ಊಟ ಮುಗಿಸಿ ಜನ ಬಂದು ಕೂತ ಮೇಲೆ ಶುರುವಾದರೆ, ಗದಾಯುದ್ಧದ ಹೊತ್ತಿಗೆ ಮೂಡಣ ಕೆಂಪಾಗಿರುತ್ತದೆ. ನಡುವೆ ಕರೆಂಟು ಹೋಗಬಹುದು, ಪರದೆ ಸಿಕ್ಕಿಕೊಳ್ಳಬಹುದು, ಶಕುನಿ ಮಾತು ಮರೆಯಬಹುದು, ಹಾರ್ಮೋನಿಯಂ ನಿಲ್ಲುವಂತಿಲ್ಲ. ಪಾವಗಡದ ವಿದ್ಯಾರ್ಥಿಗೆ ಇನ್ನೂ ಒಂದು ಅನುಕೂಲ: ಮೂರು ಕಡೆ ಆಂಧ್ರ ಇರುವುದರಿಂದ ತೆಲುಗಿನ ಪದ್ಯ ನಾಟಕವೂ ಕಿವಿಗೆ ಬಿದ್ದಿರುತ್ತದೆ, ಅಲ್ಲಿ ಪದ್ಯದ ಕೊನೆಯ ಅಕ್ಷರವನ್ನು ಎಳೆಯುವ ಕಲೆಯಲ್ಲಿ ನಾವು ಇನ್ನೂ ಪ್ರಾಥಮಿಕ ಶಾಲೆ. ಪಾವಗಡದಲ್ಲೇ ಶನಿಮಹಾತ್ಮನ ದೇವಸ್ಥಾನವಿರುವುದರಿಂದ ಶನಿಕಾಟದ ಕಥೆಯ ‘ರಾಜಾ ವಿಕ್ರಮ’ ನಾಟಕಕ್ಕೆ ಪ್ರೇಕ್ಷಕರು ಭಯಭಕ್ತಿಯಿಂದ ಬರುತ್ತಾರೆ. ಇವೆಲ್ಲವನ್ನೂ ‘ಕಿರುಚಾಟ’ ಎಂದು ತಳ್ಳಿಹಾಕುವ ರಂಗ ವಿದ್ವಾಂಸರಿದ್ದಾರೆ. ವಿಚಾರ ಸಂಕಿರಣದಲ್ಲಿ ಜನಪದ, ದೇಸಿ, ಬೇರು ಎಂದು ಒಂದು ಗಂಟೆ ಮಾತಾಡಿ, ಊಟದ ಕೂಪನ್ ಪಡೆದು, ಒಂದೇ ಒಂದು ರಾತ್ರಿ ಶಿರಾ ಸೀಮೆಯ ಚಾಪೆಯ ಮೇಲೆ ಕಡಲೆಕಾಯಿ ಸಿಪ್ಪೆಯ ನಡುವೆ ಕೂರದ ಮಹನೀಯರು. ಅವರ ಅಭಿಪ್ರಾಯಕ್ಕೆ ನಾನು ಉತ್ತರ ಕೊಡುವುದಿಲ್ಲ. ಅವರ ಮೇಲೆ ದುರ್ಯೋಧನನನ್ನು ಬಿಡುತ್ತೇನೆ.

ಸಾಕ್ಷಿಗೆ ದೂರ ಹೋಗಬೇಕಿಲ್ಲ, ಗುಬ್ಬಿ ನಮ್ಮದೇ ಕಂದಾಯ ಜಿಲ್ಲೆಯಲ್ಲಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ಬೆಳೆದು, ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ಇಳಿಸಿತು. ಶಾಲೆ ಅರ್ಧಕ್ಕೇ ಬಿಟ್ಟ ಮುತ್ತುರಾಜ ಎಂಬ ಹುಡುಗ ಅಲ್ಲಿ ಕಲಿತು ರಾಜ್‌ಕುಮಾರ್ ಆದರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತಾನಾಗಿಯೇ ಗೌರವ ಡಾಕ್ಟರೇಟ್ ಕೊಟ್ಟಿತು, ಅವರು ಆಪ್ಷನ್ ಎಂಟ್ರಿ ಮಾಡಿರಲಿಲ್ಲ. ಆದರೆ ಅದು ದಿನನಿತ್ಯ ಆಡುವ ವೃತ್ತಿ ಕಂಪನಿ, ವರ್ಷಕ್ಕೊಮ್ಮೆ ಬಣ್ಣ ಹಚ್ಚುವ ನಿಮ್ಮ ಹಳ್ಳಿಯ ಹವ್ಯಾಸವನ್ನು ಅದಕ್ಕೆ ಹೋಲಿಸಬೇಡಿ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ಇನ್ನೂ ಕಷ್ಟ ಕೊಡುವ ಸಾಕ್ಷಿ ಬಿ.ವಿ. ಕಾರಂತರದ್ದು. ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ ಆ ಹುಡುಗನನ್ನು ಕಾಶಿಗೆ ಎಂ.ಎ. ಓದಲು ಕಳಿಸಿದವರು ಸ್ವತಃ ವೀರಣ್ಣನವರು. ಅಲ್ಲಿ ಅವರು ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತರು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು, ಮುಂದೆ ಅದರ ನಿರ್ದೇಶಕರೂ ಆದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕಂಪನಿಯಲ್ಲೇ ಆಡಿ ಬೆಳೆದವರು. ಅವರೂ ಅದೇ ಶಾಲೆಯಲ್ಲಿ ಓದಿ 1973ರಲ್ಲಿ ಹೊರಬಂದರು. ಅಂದರೆ ಕಂಪನಿಯ ಯಜಮಾನರಿಗೇ ಕಂಪನಿಯೊಂದೇ ಸಾಲದು ಎನಿಸಿತ್ತು. ನಾನು ಕರೆತಂದ ಸಾಕ್ಷಿಗಳು ಕಟಕಟೆ ಹತ್ತಿ ಎದುರು ಪಕ್ಷದ ಕಡೆ ಹೇಳಿಕೆ ಕೊಡುತ್ತಿದ್ದಾರೆ. ಆದರೂ ಅನುಕ್ರಮ ಗಮನಿಸಿ: ಮೊದಲು ಬಣ್ಣ, ಆಮೇಲೆ ಪದವಿ. ಇಷ್ಟು ಮಾತ್ರ ನನ್ನ ಪಾಲಿಗೆ ಉಳಿಯಿತು, ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಪದವಿ ಏನು ಕೊಡುತ್ತದೆ? ಇನ್ನೊಬ್ಬ ಹಾಡುವಾಗ ಸುಮ್ಮನಿರುವುದನ್ನು ಕಲಿಸುತ್ತದೆ. ನಮ್ಮ ರಂಗದಲ್ಲಿ ಕೃಷ್ಣ ಹಾಡುವಾಗ ಧರ್ಮರಾಯ ತನ್ನ ಹೆಂಡತಿ ಮಕ್ಕಳು ಎಲ್ಲಿ ಕೂತಿದ್ದಾರೆಂದು ಹುಡುಕುತ್ತಿರುತ್ತಾನೆ. ಆದರೆ ಇದಕ್ಕಿಂತ ದೊಡ್ಡ ಕಾರಣವೊಂದಿದೆ, ಅದನ್ನು ಹೇಳುವಾಗ ತಮಾಷೆ ಮಾಡಲು ಆಗುವುದಿಲ್ಲ. ಪಾಂಪ್ಲೆಟ್ಟಿನ ಕೆಳಭಾಗ ನೋಡಿ. ಮೇಲೆ ಗಂಡಸರ ಫೋಟೋ, ಊರು, ಪಕ್ಷ, ಪದನಾಮ. ಕೆಳಗೆ ‘ಸ್ತ್ರೀ ಪಾತ್ರಧಾರಿಗಳು’. ದ್ರೌಪದಿ, ಕುಂತಿ, ರುಕ್ಮಿಣಿ ಬಾಡಿಗೆಗೆ ಬರುತ್ತಾರೆ, ತುಮಕೂರಿನಿಂದಲೋ ಬೆಂಗಳೂರಿನಿಂದಲೋ, ಬಸ್ಸಿನಲ್ಲಿ. ತಾಲೀಮಿಗೆ ಒಂದು ದಿನ ಸಿಕ್ಕರೆ ಹೆಚ್ಚು. ಯಾರು ಎಲ್ಲಿ ತಪ್ಪಿದರೂ ಹಿಡಿದೆತ್ತಿ ಕಥೆ ಮುಂದೆ ಸಾಗಿಸುವವರು ಅವರೇ. ದುಡ್ಡು ಕೊಟ್ಟು ನಿಂತವರ ನಡುವೆ ದುಡ್ಡು ಪಡೆದು ನಿಂತ ನಟಿ ಆಕೆ, ಹಾಗಾಗಿ ಆ ವೇದಿಕೆಯ ವೃತ್ತಿಪರ ಕಲಾವಿದೆಯೂ ಆಕೆಯೇ. ವಸ್ತ್ರಾಪಹರಣದ ದೃಶ್ಯ ಮುಗಿಸಿ ಸೀನರಿಯ ಹಿಂದೆ ಟ್ರಂಕಿನ ಮೇಲೆ ಕೂತು ಬೆಳಗಿನ ಮೊದಲ ಬಸ್ಸು ಕಾಯುತ್ತಾಳೆ. ಅದೇ ಊರಿನ ಹೈಸ್ಕೂಲಿನಲ್ಲಿ ದಿನಾ ಬೆಳಿಗ್ಗೆ ಪ್ರಾರ್ಥನೆ ಹಾಡುವ, ಎರಡೂ ಕೃಷ್ಣರಿಗಿಂತ ಚೆನ್ನಾಗಿ ಹಾಡುವ ಹುಡುಗಿಯರಿದ್ದಾರೆ. ಅವರಿಗೆ ಯಾವ ಬೆಲೆ ಕೊಟ್ಟರೂ ಪಾರ್ಟು ಸಿಗುವುದಿಲ್ಲ. ಬೇಡವೆಂದು ಯಾರೂ ಬರೆದಿಟ್ಟಿಲ್ಲ, ಕೇಳುವುದು ಯಾರಿಗೂ ಹೊಳೆಯುವುದಿಲ್ಲ. ಅರ್ಧ ನಿಮಿಷದ ಆಡಿಷನ್ನನ್ನು ನಾನು ಇಷ್ಟು ಹೊತ್ತು ಗೇಲಿ ಮಾಡಿದೆ. ಅದು ಈ ಹುಡುಗಿಯರಿಗೆ ಅರ್ಧ ನಿಮಿಷವನ್ನಾದರೂ ಕೊಡುತ್ತದೆ.

ಆದ್ದರಿಂದ ನನ್ನ ಸಲಹೆ ಎರಡು ಬಗೆ. ಹುಡುಗರು ಮೊದಲು ಮೇಷ್ಟ್ರ ಬಳಿ ಹೋಗಲಿ. ಹುಡುಗಿಯರು ನೇರ ಅರ್ಜಿ ಹಾಕಲಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ, ಒಂದು ವರ್ಷಕ್ಕಿಂತ ಒಂದಿಷ್ಟು ಕಡಿಮೆ ಅವಧಿಯ ಡಿಪ್ಲೊಮಾ, ಎಸ್ಸೆಸ್ಸೆಲ್ಸಿ ಆಗಿದ್ದರೂ ಅರ್ಜಿ ಹಾಕಬಹುದು. ಶಿರಾದವರಿಗೆ ಹತ್ತಿರವೆಂದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿನ ಶಿವಕುಮಾರ ರಂಗಪ್ರಯೋಗ ಶಾಲೆ ಶುರುವಾದದ್ದು 2008ರಲ್ಲಿ. ಪದವಿಯೇ ಬೇಕೆಂದರೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೇ ಇದೆ. 1959ರಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆಗೆ ಮಾತ್ರ ಯಾವುದಾದರೊಂದು ಪದವಿ ಮೊದಲೇ ಆಗಿರಬೇಕು, ನಾಟಕ ಮಾಡಿದ ಅನುಭವವೂ ಇರಬೇಕು; ಕೋರ್ಸು ಮೂರು ವರ್ಷ. ಎಲ್ಲಿ ಸೇರಿದರೂ ಕೇಳಬೇಕಾದ ಪ್ರಶ್ನೆ ಒಂದೇ: ವರ್ಷದಲ್ಲಿ ಎಷ್ಟು ರಾತ್ರಿ ಜನರ ಮುಂದೆ ಹಾಡಿಸುತ್ತೀರಿ, ಪಕ್ಕದಲ್ಲಿ ಹಾರ್ಮೋನಿಯಂ ಇರುತ್ತದೋ ಮೊಬೈಲಿನ ಟ್ರ್ಯಾಕೋ? ಕೆಲಸ ಸಿಗುತ್ತದೆಯೇ ಎಂದು ಅಪ್ಪಂದಿರು ಕೇಳುತ್ತಾರೆ. ಖಾತರಿ ಇಲ್ಲ. ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬಂದಾಗಲೂ ಊರಿನ ಎಂಜಿನಿಯರುಗಳಿಗೆಲ್ಲ ಮನೆ ಬಾಗಿಲಲ್ಲಿ ಕೆಲಸ ಸಿಗಲಿಲ್ಲ, ಆದರೂ ಎಂಜಿನಿಯರಿಂಗ್ ಸೇರಿಸುವುದನ್ನು ಯಾರೂ ನಿಲ್ಲಿಸಿಲ್ಲ.

ಕೊನೆಯದಾಗಿ ನಾಲ್ಕೂ ತಾಲ್ಲೂಕಿನ ನಾಟಕ ಮಂಡಳಿಗಳ ಯಜಮಾನರಲ್ಲಿ ಒಂದು ಅರಿಕೆ. ಹೆಣ್ಣುಮಕ್ಕಳು ಗಂಡು ಪಾತ್ರ ಮಾಡಿದರೆ ಚೆನ್ನಾಗಿರುತ್ತದೆಯೇ ಎಂದು ಅನುಮಾನಿಸಬೇಡಿ; ಆರ್. ನಾಗರತ್ನಮ್ಮನವರು 1958ರಲ್ಲೇ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸನಂಥ ಪಾತ್ರಗಳಲ್ಲಿ ಮೆರೆದರು, 2012ರಲ್ಲಿ ಪದ್ಮಶ್ರೀ ಪಡೆದರು. ಮುಂದಿನ ಜಾತ್ರೆಗೆ ಪಾರ್ಟು ಹಂಚುವಾಗ ಒಂದನೇ ಕೃಷ್ಣನನ್ನು ಆ ಪ್ರಾರ್ಥನೆಯ ಹುಡುಗಿಗೆ ಕೊಡಿ, ಕಾಸು ಕೇಳಬೇಡಿ. ಲೆಕ್ಕಕ್ಕೆ ಕಡಿಮೆ ಬಿದ್ದದ್ದನ್ನು ದುರ್ಯೋಧನನ ಮೇಲೆ ಹಾಕಿ. ನಡುವಿನ ಮೈಕು ನಿನಗೇ ಎಂದರೆ ಸಾಕು, ಅವನು ಕೊಡುತ್ತಾನೆ.