ಗಟಾರ ಕಾಕಾ

ಬಾಗಲಕೋಟೆ ಕಡೆಯ ಶಿರೂರಿನ ಯಾವ ಓಣಿಗೆ ಹೋದರೂ ಇಂಥ ಒಬ್ಬ ಕಾಕಾ ಸಿಗುತ್ತಾರೆ. ಮುಂಜಾನೆ ಎಂಟಕ್ಕೆಲ್ಲ ಮನೆ ಮುಂದಿನ ಕಟ್ಟೆಯೇರಿ ಕೂತು, ಧೋತರ ಮೊಣಕಾಲಿಗೆ ಎತ್ತಿಕೊಂಡು, ಮೀನಖಂಡಕ್ಕೆ ಪಟ್ಟನೆ ಹೊಡೆದು, ಅಂಗೈ ನೋಡಿ ತೀರ್ಪು ಕೊಡುತ್ತಾರೆ: "ನೋಡ್ರಿ, ಗಟಾರದ ಗುಂಗಾಡ!"

ಅಂಗೈಯಲ್ಲಿ ಸತ್ತ ಸೊಳ್ಳೆಯ (ಕಚ್ಚುವುದು ಹೆಣ್ಣೇ) ಕಾಲಿನ ಮೇಲೆ ಬಿಳಿ ಪಟ್ಟೆ. ಅದು ಈಡಿಸ್; ಹಗಲಲ್ಲೇ ಕಚ್ಚಿ ಡೆಂಗಿ, ಚಿಕೂನ್‌ಗುನ್ಯಾ ಹಂಚುವ ಜಾತಿ. ಗಟಾರದ ಕೊಳೆ ಅದಕ್ಕೆ ಒಗ್ಗದು, ಮನೆಯ ತಿಳಿನೀರೇ ಬೇಕು. ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ದಾಟಿ ಹೋಗುವುದೂ ಅಪರೂಪ. ಅಂದಮೇಲೆ ಕಾಕಾ ಕೊಂದದ್ದು ಬಹುತೇಕ ತಮ್ಮ ಮನೆಯ ಕೂಸನ್ನೇ.

ಕಾಕಾರ ಹಿತ್ತಿಲು ನೋಡಬೇಕು. ಸಿಕ್ಕಾಗ ನೀರು ತುಂಬಿಡುವುದು ಈ ಬಿಸಿಲು ಸೀಮೆಯ ಹುಟ್ಟುಗುಣ, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಆದರೆ ಮುಚ್ಚಳ? ಸಿಮೆಂಟ್ ಹೌದಕ್ಕಿಲ್ಲ, ನೀಲಿ ಬ್ಯಾರಲ್ಲಿಗಿಲ್ಲ. ಪಕ್ಕದಲ್ಲಿ ಟ್ರ್ಯಾಕ್ಟರಿನ ಹಳೇ ಟಾಯರು, "ಮುಂದ ಕೆಲಸಕ್ಕ ಬರತೈತಿ" ಎಂದು ಕಾದಿಟ್ಟ ಪೇಂಟಿನ ಡಬ್ಬಿಗಳು. ಬ್ಯಾರಲ್ಲಿನ ಮೇಲೆ ನಿಮ್ಮ ನೆರಳು ಬಿದ್ದರೆ ಸಾಕು, ತಲೆಕೆಳಗಾಗಿ ತೂಗುತ್ತಿದ್ದ ಮರಿಗಳೆಲ್ಲ ನುಲಿಯುತ್ತ ತಳಕ್ಕಿಳಿಯುತ್ತವೆ. ಎಂಟ್ಹತ್ತು ದಿನದಲ್ಲಿ ಅವಕ್ಕೆ ರೆಕ್ಕೆ.

ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟಳು. "ಕಾಕಾರ, ವಾರಕ್ಕೊಮ್ಮೆ ಖಾಲಿ ಮಾಡ್ರಿ. ಬರೇ ಚೆಲ್ಲಿದ್ರ ಆಗೂದಿಲ್ಲ, ತತ್ತಿ ಗೋಡಿಗೆ ಹತ್ತಿರತಾವ. ತಿಕ್ಕಿ ತೊಳೀರಿ."

"ಯವ್ವಾ, ಮೊದಲ ಆ ಗಟಾರ ತೊಳಿಸು!"

ಗಟಾರ ನಿರಪರಾಧಿ ಎಂದಲ್ಲ. ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುವ ಕ್ಯೂಲೆಕ್ಸ್ ಅಲ್ಲಿಯದೇ. ಕಾಕಾರ ವಾದದಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅವರನ್ನು ಸೋಲಿಸುವುದು ಕಷ್ಟ.

ಇಂಥ ಕಾಕಾಗಳ ವಂಶ ಹಳೆಯದು. 1883ರ ಸುಮಾರಿಗೆ ಬೆಂಗಳೂರು ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ಕಿಟಕಿ ಹೊರಗಿನ ಪೀಪಾಯಿ ಬೋರಲು ಹಾಕಿ ತನ್ನ ಕೋಣೆಯ ಸೊಳ್ಳೆ ಕಳಕೊಂಡ. ಮೆಸ್ಸಿನ ತೊಟ್ಟಿಗಳಿಗೂ ಹಾಗೇ ಮಾಡೋಣ ಎಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆ ಸೃಷ್ಟಿಯಾದದ್ದೇ ಏನೋ ಉದ್ದೇಶಕ್ಕೆ, ಸಹಿಸಿಕೊಳ್ಳಬೇಕು ಎಂದನಂತೆ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಹಿಡಿದು ಮುಂದೆ ನೊಬೆಲ್ ಪಡೆದವನಿಗೂ ಒಬ್ಬ ಕಾಕಾನನ್ನು ಒಪ್ಪಿಸಲಾಗಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ ದಂಡವನ್ನೂ ಗೊತ್ತುಮಾಡಿತು: ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ಪಟ್ಟಣದಲ್ಲಾದರೆ 400 ರೂಪಾಯಿ, ಹಳ್ಳಿಯಲ್ಲಾದರೆ 200. ಬಾಗಲಕೋಟೆಯ ಬೀಗರ ಮುಂದೆ "ನಮ್ಮ ಶಿರೂರ ಈಗ ಸಿಟಿ ಆಗೇತ್ರಿ" ಎನ್ನುತ್ತಿದ್ದ ಕಾಕಾ, ಅಂದಿನಿಂದ "ನಮ್ಮದೇನ್ರೀ, ಸಣ್ಣ ಹಳ್ಳಿ" ಎನ್ನತೊಡಗಿದರು.

ಕೊನೆಗೆ ಹೌದಕ್ಕೆ ಗಪ್ಪಿ ಮೀನು ಬಂದವು. ಸೊಳ್ಳೆಮರಿ ನುಂಗುವುದೊಂದೇ ಅವುಗಳ ಕೆಲಸ. ಕಾಕಾಗೆ ಎಲ್ಲಿಲ್ಲದ ಅಕ್ಕರೆ. ಓಣಿಯವರನ್ನೆಲ್ಲ ಕರೆದು ತೋರಿಸಿದರು. ಮರುದಿನವೇ ಜೋಳದ ರೊಟ್ಟಿ ಮುರಿದು ಹೌದಕ್ಕೆ ಉದುರಿಸತೊಡಗಿದರು. "ಪಾಪ, ಬರೇ ಹುಳಾ ತಿಂದು ಹೆಂಗ ಇರಬೇಕವು?" ಹೊಟ್ಟೆ ತುಂಬಿದ ಮೀನು ಮರಿಗಳ ತಂಟೆಗೇ ಹೋಗುತ್ತಿಲ್ಲ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕು ಅಲ್ಲಿಂದಲೇ ಕೇಳಿದರು: "ಮೀನಿಗೆ ಪಲ್ಯಾ ಏನ್ ಮಾಡ್ಲಿ? ಬದನಿಕಾಯೋ, ಹೆಸರಕಾಳೋ?"