ಈ ಸಲರ ಕೋಟಿ ಉಳೀತದೇನ್ರಿ?

ಓದಿದ ಪುಸ್ತಕವನ್ನೇ ಮತ್ತೆ ಓದುವವನನ್ನು ಗುರುಮಠಕಲ್ಲಿನಲ್ಲಿ ಯಾರೂ ಹುಚ್ಚ ಅನ್ನುವುದಿಲ್ಲ. ‘ಪಾಪ, ರಿಟೈರ್ ಆಗ್ಯಾನ’ ಅನ್ನುತ್ತಾರೆ. ಕೆಲಸದಲ್ಲಿದ್ದಾಗ ಓದಿದರೆ ‘ಸರಕಾರಿ ನೌಕರಿ ಅದ’ ಅನ್ನುತ್ತಿದ್ದರು. ಅಂತೂ ಓದುವ ಚಟಕ್ಕೆ ಒಂದಲ್ಲ ಒಂದು ಕಾರಣ ಹುಡುಕಿ ಕ್ಷಮಿಸುವ ದೊಡ್ಡ ಮನಸ್ಸು ನಮ್ಮೂರ ಮಂದಿಗೆ ಇದೆ.

ನನ್ನ ವಿಷಯದಲ್ಲಿ ಅವರು ಕ್ಷಮಿಸಬೇಕಾದ ಪುಸ್ತಕ ತ.ರಾ.ಸು. ಅವರ ‘ದುರ್ಗಾಸ್ತಮಾನ’. 1985ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬರೆದ ಪುಣ್ಯಾತ್ಮರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅಂಗಾತ ಮಲಗಿ ಓದುವ ಪುಸ್ತಕವಲ್ಲ ಇದು. ಜೊಂಪು ಹತ್ತಿ ಕೈ ಸಡಿಲಾದರೆ ಪೆಟ್ಟು ನೇರ ಮೂಗಿಗೆ. ಕನ್ನಡದ ಐತಿಹಾಸಿಕ ಕಾದಂಬರಿಗಳ ತೂಕದ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಗುಮಾನಿ. ‘ಶಾಂತಲಾ’ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕಟ್ಟಾಳು. ಆ ಗರಡಿಯ ಗಾಳಿ ಉಳಿದವರಿಗೂ ಸೋಕಿರಬೇಕು. ಸಿ.ಕೆ. ನಾಗರಾಜರಾಯರು ಅದೇ ಶಾಂತಲೆಯನ್ನು ಎತ್ತಿಕೊಂಡು ಭಾಗದ ಮೇಲೆ ಭಾಗ ಬರೆದರು. ಬಿ. ಪುಟ್ಟಸ್ವಾಮಯ್ಯನವರಿಗೆ ಬಸವಣ್ಣನ ಕಲ್ಯಾಣ ಹೇಳಿ ಮುಗಿಸಲು ಆರು ಕಾದಂಬರಿ ಬೇಕಾದವು. ಓದುಗನ ರಟ್ಟೆಯ ಮೇಲೆ ಇವರಿಗೆಲ್ಲ ಅದೇನು ಭರವಸೆಯೋ!

ನಾನು ಕಪಾಟಿನಿಂದ ‘ದುರ್ಗಾಸ್ತಮಾನ’ ಇಳಿಸಿ ಧೂಳು ಒರೆಸಿದ ಸಪ್ಪಳಕ್ಕೇ ಒಳಗಿನಿಂದ ಮನೆಯಾಕೆಯ ಪ್ರಶ್ನೆ ಬರುತ್ತದೆ: “ಹ್ವಾದ ಸಲ ಓದಿದಾಗ ಕೋಟಿ ಬಿದ್ದಿತ್ತಲ್ಲ? ಈ ಸಲರ ಉಳೀತದೇನ್ರಿ?”

ಕೊಂಕು ಇದೆ, ಇರಲಿ. ಆದರೆ ಈ ಕೊಂಕನ್ನು ಮೊದಲ ಸಲ ಓದುವವನಿಗೂ ಕೇಳಬಹುದಲ್ಲ? ತ.ರಾ.ಸು. ಹೆಸರಿನಲ್ಲೇ ಎಲ್ಲ ಹೇಳಿಬಿಟ್ಟಿದ್ದಾರೆ. ದುರ್ಗ ಮುಳುಗುತ್ತದೆ. 1754ರಲ್ಲಿ ಹುಡುಗು ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಮದಕರಿ ನಾಯಕ 1779ರಲ್ಲಿ ಹೈದರಾಲಿಗೆ ಕೋಟೆ ಕಳೆದುಕೊಂಡು ಶ್ರೀರಂಗಪಟ್ಟಣಕ್ಕೆ ಸೆರೆ ಹೋಗುತ್ತಾನೆ. ಇದು ಶಾಲೆಯ ಹುಡುಗರಿಗೂ ಗೊತ್ತು. ಪತ್ತೇದಾರಿ ಕಾದಂಬರಿ ಬರೆಯುವವ ಕೊಲೆಗಾರನ ಹೆಸರನ್ನು ರಕ್ಷಾಪುಟದ ಮೇಲೆ ಹಾಕಿದರೆ ಪ್ರಕಾಶಕ ಅವನನ್ನು ಬಾಗಿಲಿಂದಲೇ ಕಳಿಸುತ್ತಾನೆ. ತ.ರಾ.ಸು. ಧೈರ್ಯವಾಗಿ ಹಾಕಿದರು, ಮಂದಿ ಧೈರ್ಯವಾಗಿ ಕೊಂಡರು. ಕೊನೆ ಏನಾಗುತ್ತದೆ ಎಂದು ತಿಳಿಯುವುದಕ್ಕೆ ಇದನ್ನು ಓದಿದವರು ಯಾರೂ ಇಲ್ಲ. ಹಾಗಿದ್ದ ಮೇಲೆ ಮೊದಲನೇ ಓದಿಗೆ ಇಲ್ಲದ ನಗೆಪಾಟಲು ನನ್ನ ಓದಿಗೆ ಮಾತ್ರ ಯಾಕೆ?

ನನ್ನನ್ನು ಕೇಳಿದರೆ ನಮ್ಮ ಕಡೆಯ ಹಳೆಯ ಪದ್ಧತಿಯೇ ಇದು. ಸಸ್ಪೆನ್ಸ್ ಅನ್ನುವುದು ರೈಲ್ವೆ ಸ್ಟೇಷನ್ನಿನ ಬುಕ್‌ಸ್ಟಾಲಿನಿಂದ ಇಳಿದು ಬಂದ ಮಾಲು. ಬಯಲಾಟಕ್ಕೆ ಕಂಬಳಿ ಹೊದ್ದು ಕೂತ ಮಂದಿಯಲ್ಲಿ ಕೀಚಕ ಉಳಿಯುತ್ತಾನೆ ಎಂದು ಬಂದವರು ಒಬ್ಬರಾದರೂ ಇರುತ್ತಾರೆಯೆ? ಸಾಯುತ್ತಾನೆ ಎಂದು ಗೊತ್ತಿದ್ದೇ ಬೆಳತನಕ ಕಾಯುತ್ತಾರೆ. ಭೀಮನ ಪಾತ್ರದವ ಅವಸರ ಮಾಡಿ ನಡುರಾತ್ರಿಗೇ ಕೊಂದುಬಿಟ್ಟರೆ ಗೌಡರು ಎದ್ದು ನಿಂತು ಬೈಯುತ್ತಾರೆ. ಶ್ರಾವಣ ಬಂತೆಂದರೆ ಮಠಗಳಲ್ಲಿ ಶರಣಬಸವೇಶ್ವರ ಪುರಾಣ. ಹೋದ ವರ್ಷ ಕೇಳಿದವರೇ ಈ ವರ್ಷವೂ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ; ಶಾಸ್ತ್ರಿಗಳು ಒಂದು ಪ್ರಸಂಗ ಹಾರಿಸಿದರೆ ತಿದ್ದುವವರೂ ಅವರೇ. ಮೊಹರಮ್ಮಿನಲ್ಲಿ ಪೀರಲದೇವರ ಮುಂದೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಕನ್ನಡದಲ್ಲಿ ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದಲ್ಲಿ ಹುಸೇನ್ ನೀರಿಲ್ಲದೆ ಮಡಿದದ್ದು 680ರಲ್ಲಿ. ಅಂದಿನಿಂದ ಕಥೆಯ ಕೊನೆ ಬದಲಾಗಿಲ್ಲ, ಹಾಡುವವರ ಗಂಟಲು ಕಟ್ಟುವುದೂ ಬದಲಾಗಿಲ್ಲ. ಇಂಥ ಊರಿನಲ್ಲಿ ಕೂತು ನಾನು ಒಂದು ಕಾದಂಬರಿಯನ್ನು ಮತ್ತೆ ಓದಿದರೆ ‘ಅದನ್ನೇ ಎಷ್ಟು ಸಲ ಓದ್ತೀಪಾ?’ ಎಂದು ಚಾ ಅಂಗಡಿಯಲ್ಲಿ ನಗುತ್ತಾರೆ. ನಗುವವರು ಅದೇ ಅಂಗಡಿಯಲ್ಲಿ ಅದೇ ಮಿರ್ಚಿ ಭಜಿಯನ್ನು ದಿನಾ ತಿನ್ನುತ್ತಾರೆ. ರುಚಿ ಗೊತ್ತಾಗಿಲ್ಲವೆ ಇನ್ನೂ?

ದೊಡ್ಡ ಸಾಹಿತಿಗಳು ಇದಕ್ಕೆ ಬೇರೆ ಉತ್ತರ ಕೊಡುತ್ತಾರೆ. ಪುಸ್ತಕ ಅದೇ ಇದ್ದರೂ ಓದುಗ ಬದಲಾಗಿರುತ್ತಾನಂತೆ, ಆದ್ದರಿಂದ ಪ್ರತಿ ಓದೂ ಹೊಸದಂತೆ. ಸಭೆಯಲ್ಲಿ ಹೇಳಲಿಕ್ಕೆ ಚೆಂದ. ನಾನು ನನ್ನನ್ನು ಚೆನ್ನಾಗಿ ಬಲ್ಲೆ: ಅದೇ ಕುರ್ಚಿ, ಅದೇ ಬನಿಯನ್ನು, ಅದೇ ಸಿಟ್ಟು. ಬದಲಾದದ್ದು ಕನ್ನಡಕದ ನಂಬರು ಒಂದೇ. ನನ್ನ ನಿಜವಾದ ಕಾರಣ ಸೋಮಾರಿತನ. ಹೊಸ ಕಾದಂಬರಿ ಹಿಡಿದರೆ ಯಾರು ಯಾರ ಮಗ, ಯಾರಿಗೆ ಯಾರ ಮೇಲೆ ಹಗೆ ಎಂದು ನೆನಪಿಡುವುದರಲ್ಲೇ ಐವತ್ತು ಪುಟ ಕಳೆಯುತ್ತವೆ. ದುರ್ಗದಲ್ಲಿ ನನಗೆ ಆ ತಾಪತ್ರಯ ಇಲ್ಲ. ನೇರ ಒಳಗೆ ಹೋಗಿ ಜಗಳಕ್ಕೆ ನಿಲ್ಲಬಹುದು.

ಜಗಳ ಅಂದೆನಲ್ಲ, ಸುಖ ಇರುವುದು ಅಲ್ಲಿಯೇ. ಪ್ರಾಯದಲ್ಲಿ ಓದುವಾಗ ಕುದುರೆ, ಕತ್ತಿ, ಮದಕರಿಯ ಎದೆಗಾರಿಕೆ, ಇಷ್ಟಕ್ಕೇ ಹಾಳೆಗಳು ತಾವೇ ತಿರುಗುತ್ತಿದ್ದವು. ಆಗ ಪ್ರಧಾನಿ ಕಳ್ಳಿ ನರಸಪ್ಪಯ್ಯ ಬಾಯಿ ತೆಗೆದರೆ ಸಾಕು, ‘ಈ ಮುದುಕ ಯಾವಾಗ ಮುಗಿಸ್ತಾನಪ್ಪ’ ಎನ್ನಿಸುತ್ತಿತ್ತು. ಈಗ ಆ ಮುದುಕ ಮಾತು ನಿಲ್ಲಿಸಿದರೆ ನನಗೆ ದಿಗಿಲು. ಸರಕಾರಿ ಗೋದಾಮಿನಲ್ಲಿ ಜೋಳ, ಅಕ್ಕಿಯ ಲೆಕ್ಕ ಬರೆದು ತಲೆ ನರೆತವನು ನಾನು. ಮುತ್ತಿಗೆ ಬಿತ್ತೆಂದರೆ ಮೊದಲು ನೆನಪಾಗುವುದು ಕಣಜ. ಒಳಗೆ ಎಷ್ಟು ಬಾಯಿ, ಎಷ್ಟು ಚೀಲ, ಎಷ್ಟು ದಿನಕ್ಕೆ? ಕೋಟೆ ನೋಡಲು ಹೋದವರೆಲ್ಲ ಬಾಗಿಲ ಮುಂದೆ ನಿಂತು ಫೋಟೋ ಹೊಡೆದುಕೊಳ್ಳುತ್ತಾರೆ. ನಾನು ಎಣ್ಣೆಕೊಳ, ಮದ್ದು ಬೀಸುವ ಕಲ್ಲು, ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ನೋಡುತ್ತ ನಿಂತುಬಿಟ್ಟೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿಕೊಂಡ ಆ ಜಾಣರನ್ನು ಯಾವ ಹೈದರ್ ಬಂದು ಏನು ಮಾಡಿಯಾನು? ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾದ ನಮ್ಮ ಕಡೆಯವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ಅಲ್ಲಿಂದ ಬಂದ ಮೇಲೆ ಪುಸ್ತಕ ತೆಗೆದರೆ ಸಿಟ್ಟು ಇನ್ನೂ ಹೆಚ್ಚು. ಇಷ್ಟೆಲ್ಲ ಇಟ್ಟುಕೊಂಡು ಸೋತಿರಲ್ಲ ಮಾರಾಯರೆ! ‘ಹಂಗ ಮಾಡಬ್ಯಾಡೋ ಮದಕರಿ’ ಎಂದು ನಾನು ಗಟ್ಟಿಯಾಗಿ ಅಂದೆ ಎಂದು ಮನೆಯಾಕೆ ಸಾಕ್ಷಿ ಹೇಳುತ್ತಾಳೆ. ಅಂದಿರಬಹುದು.

ದುರ್ಗದ ಓಬವ್ವನ ಕಥೆಗೆ ಮಾತ್ರ ನಮ್ಮ ಮನೆಯಲ್ಲಿ ಬೇರೆಯೇ ಭಾಷ್ಯ. 1972ರ ‘ನಾಗರಹಾವು’ ಸಿನಿಮಾ ಕೂಡ ತ.ರಾ.ಸು. ಕಾದಂಬರಿಗಳಿಂದಲೇ ಬಂದದ್ದು. ಅದರಲ್ಲಿ ಓಬವ್ವನಾಗಿ ಜಯಂತಿ ಒನಕೆ ಎತ್ತಿದ್ದನ್ನು ನೋಡದವರು ಕರ್ನಾಟಕದಲ್ಲಿ ಕಡಿಮೆ. ಕಾವಲುಗಾರ ಗಂಡ ಊಟಕ್ಕೆ ಕೂತ, ಹೆಂಡತಿ ನೀರು ತರಲು ಹೋದಳು, ಕಿಂಡಿಯಲ್ಲಿ ಶತ್ರು ನುಸುಳುವುದು ಕಂಡಳು. ಜನ ಹೇಳುವುದು ಇಷ್ಟು. ನಮ್ಮಾಕೆ ಇದನ್ನು ಗಂಡಸರ ದಂಡಸಂಹಿತೆ ಮಾಡಿಕೊಂಡಿದ್ದಾಳೆ. ಊಟದ ನಡುವೆ ನಾನು “ನೀರು” ಅಂದರೆ ಸಾಕು. “ಎದ್ದು ತಗೋರಿ. ನಾ ಹ್ವಾದ್ರ ಒನಕಿ ಹಿಡ್ಕೊಂಡೇ ಬರಾಕಿ.” ಮನೆಯಲ್ಲಿ ಒನಕೆ ಇಲ್ಲ, ಮಿಕ್ಸರ್ ಇದೆ. ಆದರೂ ನಾನೇ ಎದ್ದು ಹೋಗುತ್ತೇನೆ.

ಬೆಂಗಳೂರಿನಲ್ಲಿರುವ ಮಗಳದು ಇನ್ನೊಂದು ನಮೂನೆ. “ಪಪ್ಪಾ, ಫೋನಿನಾಗ ಸಮ್ಮರಿ ಓದಿದೆ. ಹುಡುಗ ರಾಜ ಆದ, ಹೈದರ್ ಬಂದ, ಕೋಟಿ ಹೋತು. ಇಷ್ಟೇ ಅಲ್ಲಾ?” ಅಂದಳು. “ಹೌದವ್ವ. ನಿನ್ನ ಮದುವಿನೂ ಸಮ್ಮರಿ ಮಾಡಿದ್ರ ಎರಡು ಹಾರ, ನಾಕು ಅಕ್ಕಿಕಾಳು. ನನ್ನ ಪಿ.ಎಫ್. ರೊಕ್ಕ ಉಳೀತಿತ್ತು” ಅಂದೆ. ಫೋನು ತಾಯಿಯ ಕೈಗೆ ಹೋಯಿತು.

ನಮ್ಮ ಓಣಿಯ ಮುತ್ಯಾ ಒಬ್ಬರಿದ್ದಾರೆ, ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತವರು. 1948ರಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರುವ ಹೊತ್ತಿಗೆ ಅವರಿಗೆ ಕನ್ನಡಕ್ಕಿಂತ ಮೊದಲು ಅಲಿಫ್ ಬೇ ಬಾಯಿಪಾಠ ಆಗಿತ್ತು. ತ.ರಾ.ಸು. ಹೆಸರೆತ್ತಿದರೆ ಅವರು ಅಬ್ದುಲ್ ಹಲೀಂ ಶರರ್ ಹೆಸರೆತ್ತುತ್ತಾರೆ. ಶರರ್ 1899ರಲ್ಲಿ ಬರೆದ ‘ಫಿರ್ದೌಸೆ ಬರೀನ್’ ಇರಾನಿನ ಅಲಮೂತ್ ಕೋಟೆಯ ಕಥೆ: ಹುಸಿ ಸ್ವರ್ಗ ತೋರಿಸಿ ಹುಡುಗರನ್ನು ಕೊಲೆಗೆ ಕಳಿಸುವವರು, ಕಡೆಗೆ ಮಂಗೋಲರು ಬಂದು ಎಲ್ಲ ಪುಡಿ ಮಾಡುವುದು. “ಅಲ್ಲೂ ಕೋಟಿ ಬೀಳ್ತದ, ಇಲ್ಲೂ ಕೋಟಿ ಬೀಳ್ತದ. ಆದ್ರ ನಮ್ಮ ಕೋಟಿ ಬಿದ್ರ ಸಂತೋಷ ಆಗ್ತದ, ನಿಮ್ಮ ಕೋಟಿ ಬಿದ್ರ ನೀ ಮೂರು ದಿನ ಮಾರಿ ಕೆಡಿಸ್ಕೊಂಡು ತಿರಗ್ತಿ. ಯಾವ್ದು ಛಲೋ ಪುಸ್ತಕ, ಹೇಳು?” ಎಂದು ಮುತ್ಯಾ ಕೆಣಕುತ್ತಾರೆ. ಮೂರು ದಿನ ಮಾರಿ ಕೆಡಿಸಿದ್ದೇ ಛಲೋ ಪುಸ್ತಕ ಎಂದು ನನ್ನ ವಾದ. ಮುತ್ಯಾನಿಗೆ ಕಿವಿ ಮಂದ. ಅವರಿಗೆ ಬೇಕಾದಾಗ ಮಾತ್ರ.

ಅಷ್ಟು ದೂರದ ಚಿತ್ರದುರ್ಗಕ್ಕೆ ನಾನು ಇಷ್ಟು ಮರುಗುತ್ತೇನಲ್ಲ, ಹತ್ತಿರದ ಸುರಪುರಕ್ಕೆ ಒಬ್ಬ ತ.ರಾ.ಸು. ಯಾಕೆ ಹುಟ್ಟಲಿಲ್ಲ ಎಂಬ ಹೊಟ್ಟೆಕಿಚ್ಚೂ ಇದರಲ್ಲಿ ಸೇರಿದೆ. ದುರ್ಗದ ಹಾಗೆ ಅಲ್ಲಿ ಆಳಿದವರೂ ಬೇಡ ನಾಯಕರೇ. 1705ರಲ್ಲಿ ಎಂಬತ್ತು ದಾಟಿದ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಅವರ ವಾಗಿನಗೇರಾ ಕೋಟೆಯ ಮುಂದೆ ತಿಂಗಳುಗಟ್ಟಲೆ ಕೂತಿದ್ದ. ಅವನು ಖುದ್ದಾಗಿ ಮುತ್ತಿದ ಕೊನೆಯ ಕೋಟೆ ಅದು. ದಿಲ್ಲಿಯ ಬಾದಶಹ ನಮ್ಮ ಬಿಸಿಲಿನಲ್ಲಿ ಬೆಂದ ಕಥೆ ಬರೆದರೆ ಎಷ್ಟು ದಪ್ಪದ ಪುಸ್ತಕ ಆಗಬೇಕು!

ಸುರಪುರಕ್ಕೆ ಬಂದ ಕಾದಂಬರಿಕಾರ ಒಬ್ಬನೇ, ಅವನೂ ಬಿಳಿಯ: ಫಿಲಿಪ್ ಮೆಡೋಸ್ ಟೇಲರ್. ಯಾದಗಿರಿ ದಾಟಿ, ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದರೆ (ಎದೆಯ ಮೇಲೆ ಪುಸ್ತಕ ಇಲ್ಲದ್ದಕ್ಕೇ ಇರಬೇಕು ಅವನಿಗೆ ಅಂಥ ನಿರುಮ್ಮಳ ನಿದ್ದೆ) ಸುರಪುರದ ಗುಡ್ಡದ ಮೇಲೆ ಅವನ ಬಂಗಲೆ ಟೇಲರ್ ಮಂಜಿಲ್ ಈಗಲೂ ಇದೆ. ಎಳೆಯ ರಾಜ ವೆಂಕಟಪ್ಪ ನಾಯಕನ ಪರವಾಗಿ 1853ರ ತನಕ ಹತ್ತು ವರ್ಷಕ್ಕೂ ಮೇಲೆ ಸಂಸ್ಥಾನ ನೋಡಿಕೊಂಡ ಮನುಷ್ಯ. ಹದಿನೈದರ ಹರೆಯದಲ್ಲಿ ಮುಂಬಯಿಯ ವ್ಯಾಪಾರಿಯ ಹತ್ತಿರ ಕೆಲಸಕ್ಕೆಂದು ಹಡಗು ಹತ್ತಿದವ, ಕಡೆಗೆ ಕಾದಂಬರಿಯ ಮೇಲೆ ಕಾದಂಬರಿ ಬರೆದ. ‘ತಾರಾ’ 1657ರ ಕಥೆ, ‘ರಾಲ್ಫ್ ಡಾರ್ನೆಲ್’ 1757ರದು, ‘ಸೀತಾ’ 1857ರದು. ನೂರು ವರ್ಷಕ್ಕೊಂದರಂತೆ ಲೆಕ್ಕ ಹಾಕಿ ಬರೆದಿದ್ದಾನೆ; ಗೋದಾಮಿನವನಾದ ನನಗೆ ಆ ಶಿಸ್ತು ಬಹಳ ಹಿಡಿಸಿತು.

ಆದರೆ ಅವನ ಕೈಯಲ್ಲೇ ಇದ್ದ ಕಥೆಯನ್ನು ಅವನು ಕಾದಂಬರಿ ಮಾಡಲಿಲ್ಲ, ಆತ್ಮಕಥೆಯಲ್ಲಿ ಬರೆದು ಬಿಟ್ಟ. ಹುಡುಗ ರಾಜ ಅವನನ್ನು ‘ಅಪ್ಪಾ’ ಅನ್ನುತ್ತಿದ್ದನಂತೆ. ಈ ಹುಡುಗ ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಎಂದು ಜಾತಕದಲ್ಲಿ ಬರೆದಿದೆ ಎಂದು ತಾಯಿ ರಾಣಿ ಈಶ್ವರಮ್ಮ ಟೇಲರನಿಗೆ ಗುಟ್ಟಾಗಿ ತಿಳಿಸಿದ್ದಳು. ಅಂದರೆ ಕಡೆಯ ಹಾಳೆ ಮೊದಲೇ ಓದಿಸಿಬಿಟ್ಟಳು. ಟೇಲರ್ ನಂಬಲಿಲ್ಲ ಎಂದೇ ಇಟ್ಟುಕೊಳ್ಳೋಣ. ನಂಬದವನಿಗೂ ಆಮೇಲೆ ಆ ಹುಡುಗ ಕುದುರೆ ಹತ್ತಿದಾಗ, ಹಟ ಹಿಡಿದಾಗ, ಕೆಟ್ಟವರ ಸಹವಾಸಕ್ಕೆ ಬಿದ್ದಾಗ ಎದೆಯಲ್ಲಿ ಏನೋ ಅಂದಿರಲೇಬೇಕು. 1858ರಲ್ಲಿ ವೆಂಕಟಪ್ಪ ಕಂಪನಿಯ ವಿರುದ್ಧ ಎದ್ದ, ಸೆರೆಯಾದ, ಮರಣದಂಡನೆ ತಪ್ಪಿತು. ಎಲ್ಲರೂ ಉಸಿರು ಬಿಟ್ಟರು. ಆಮೇಲೆ ಸೆರೆಗೆ ಒಯ್ಯುವ ದಾರಿಯಲ್ಲಿ ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಸತ್ತ. ತಾನೇ ಹಾರಿಸಿಕೊಂಡನೋ, ಕೈತಪ್ಪಿ ಹಾರಿತೋ, ಬೇರೆಯವರು ಹಾರಿಸಿದರೋ ಎಂಬ ವಾದ ನಮ್ಮ ಕಡೆ ಇಂದಿಗೂ ಮುಗಿದಿಲ್ಲ. ಟೇಲರ್ ಸಾಹೇಬನಿಗೆ ಆ ಹುಡುಗನ ಜೊತೆ ಕಳೆದ ಕಾಲವೆಲ್ಲ ಎರಡನೇ ಓದೇ ಆಗಿತ್ತು. ನನಗಾದರೆ ಪುಸ್ತಕ ಮುಚ್ಚಿ ಚಾ ಕುಡಿಯಲು ಹೋಗುವ ಸವಲತ್ತು ಇದೆ.

ಆ ಸವಲತ್ತನ್ನು ನಾನು ಚೆನ್ನಾಗಿ ಬಳಸುತ್ತೇನೆ. ದುರ್ಗಕ್ಕೆ ಹೈದರನ ಕೊನೆಯ ಮುತ್ತಿಗೆ ಬಿದ್ದ ಕೂಡಲೇ ನನಗೆ ಊರ ಕೆಲಸಗಳು ಒಂದೊಂದಾಗಿ ನೆನಪಾಗುತ್ತವೆ. ಕರೆಂಟ್ ಬಿಲ್ಲು, ಹೊಲದ ಪಹಣಿ, ನಾರಾಯಣಪೇಟೆಯ ಬೀಗರ ಮನೆಗೆ ಒಂದು ಸುತ್ತು. ಅಷ್ಟು ದಿನ ಕೋಟೆ ಬೀಳುವುದಿಲ್ಲ, ಹೈದರ್ ಬಯಲಿನಲ್ಲಿ ಡೇರೆ ಹಾಕಿಕೊಂಡು ನನ್ನ ದಾರಿ ಕಾಯುತ್ತ ಕೂತಿರುತ್ತಾನೆ. ಔರಂಗಜೇಬನನ್ನೇ ಕಾಯಿಸಿದ ಸೀಮೆ ನಮ್ಮದು, ಇವನದೇನು?

ನನ್ನಂಥವರು ಇನ್ನೂ ಇದ್ದಾರೆ ಎಂಬುದು ಈಚೆಗೆ ಖಾತ್ರಿಯಾಯಿತು. ಮನೆಯ ಪ್ರತಿಯ ಹೊಲಿಗೆ ಬಿಚ್ಚಿತ್ತೆಂದು ಒಂದು ವಾಚನಾಲಯದಿಂದ ಬೇರೆ ಪ್ರತಿ ತಂದೆ. ಓದುತ್ತ ಓದುತ್ತ ಕೊನೆಗೆ ಬಂದರೆ ಕಡೆಯ ಹಾಳೆಗಳೇ ಇಲ್ಲ! ಯಾರೋ ನೀಟಾಗಿ ಹರಿದಿದ್ದಾರೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾವನೋ ಪುಣ್ಯವಂತ ಮರುಓದುಗ, ತಡೆಯಲಾರದೆ, ಕೋಟೆ ಬೀಳುವ ಮೊದಲೇ ಕೈ ಹಾಕಿ ದುರ್ಗವನ್ನು ಉಳಿಸಿಬಿಟ್ಟಿದ್ದಾನೆ ಎಂದು ಕಣ್ಣು ತುಂಬಿ ಬಂತು. ಅಡಿಗೆಮನೆಗೆ ಓಡಿ ಮನೆಯಾಕೆಗೆ ತೋರಿಸಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಪುಸ್ತಕದ ಬೆನ್ನನ್ನೊಮ್ಮೆ ನೋಡಿ, “ಯಾವನರ ಭಜಿ ಕಟ್ಕೊಂಡ್ ಹೋಗ್ಲಾಕ ಹರ್ದಿರ್ತಾನ, ತಗೋರಿ. ಎಣ್ಣಿ ಕಲಿ ಹಂಗೇ ಅದ” ಅಂದಳು.